ಚಂದ್ರಂಪಳ್ಳಿಯ ಸುತ್ತು

ಶಹಾಬಾದ
12 ನವೆಂಬರ್ 2023

ತಾಹಿರ್ ಭಾಯಿಗೆ,

ಶರಣು. ನಿಮ್ಮ ದೋಸ್ತ ಅಂಬಾರಾಯರ ಹೆಂಡತಿ ರಾಜೇಶ್ವರಿ ಬರೆಯುತ್ತಿದ್ದೇನೆ. ಮಣ್ಣಿನ ದಿನ ಬಂದು ಮೂಲೆಯಲ್ಲಿ ನಿಂತು ಹೋದವರು ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಇಷ್ಟು ವರ್ಷ ರವಿವಾರ ಬಂತೆಂದರೆ ಜೋಡಿಯಾಗಿ ಮೋಟಾರ್ ಸೈಕಲ್ ಓಡಿಸಿದ ದೋಸ್ತಿ ಇಷ್ಟೇ ಏನು ಎಂದು ಕೇಳಬೇಕೆನಿಸಿತ್ತು. ಕೇಳಿದೆ, ಮುಗಿಯಿತು.

ಫೋನು ಮಾಡೋಣವೆಂದರೆ ನಿಮ್ಮ ಕುಂಚಾವರಂನಲ್ಲಿ ಸಿಗ್ನಲ್ ಇರುವುದಿಲ್ಲ. ಸಿಕ್ಕರೂ ನಮ್ಮ ಎರಡು ಖೋಲಿಯ ಮನೆಯಲ್ಲಿ ಅತ್ತೆಯವರ ಕಿವಿಗೆ ಬೀಳದ ಹಾಗೆ ಮಾತಾಡಲು ಆಗದು. ಅದಕ್ಕೇ ಕಾಗದ.

ನೇರ ಕೇಳುತ್ತೇನೆ. ಶ್ರಾವಣದಲ್ಲಿ ಇವರನ್ನು ಚಂದ್ರಂಪಳ್ಳಿ ಕೆರೆಯಿಂದ ತೆಗೆದಾಗ ಕೊರಳು ಬರಿದಾಗಿತ್ತು. ಲಿಂಗವಿರಲಿಲ್ಲ. ಲಿಂಗವಿಡುವ ಬೆಳ್ಳಿಯ ಕರಡಿಗೆಯೂ ಇಲ್ಲ, ಅದನ್ನು ಕಟ್ಟುವ ಶಿವದಾರವೂ ಇಲ್ಲ. ಗಾಡಿ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು. ಚಪ್ಪಲಿ ದಂಡೆಯಲ್ಲಿ ಜೋಡಿಸಿಟ್ಟಂತೆ ಇತ್ತು. ಮಠದ ಅಯ್ಯನವರು ಬೇರೆ ಲಿಂಗ ತಂದು ಅಂಗೈಯಲ್ಲಿಟ್ಟು ಕುಳ್ಳಿರಿಸಿ ಮಣ್ಣು ಕೊಟ್ಟರು. ಆಗ ನನ್ನ ಬೆನ್ನ ಹಿಂದೆ ಯಾರೋ ಅಂದರು, "ಲಿಂಗ ತಗದಿಟ್ಟು ಇಳದಾನ ಅಂದ್ರ ಮನಸ್ಸು ಮಾಡೇ ಇಳದಾನ." ಆ ಮಾತು ನನ್ನ ಬೆನ್ನಿನಿಂದ ಇಳಿದಿಲ್ಲ.

ಸ್ನಾನ ಮಾಡುವಾಗಲೂ ಲಿಂಗ ತೆಗೆಯದ ಮನುಷ್ಯ ಇವರು. ತೆಗೆದರೆಂದರೆ ಯಾಕೆ ತೆಗೆದರು? ನನ್ನನ್ನು ಬಿಟ್ಟು ಹೋಗಬೇಕೆಂದೇ ಹೋದರೋ, ಅಥವಾ ಬೇರೆ ಏನಾದರೂ ಆಯಿತೋ? ಪೊಲೀಸರು ಕಾಲು ಜಾರಿದೆ ಎಂದು ಬರೆದುಕೊಂಡು ಹೋದರು. ಅವರಿಗೆ ಅಷ್ಟು ಸಾಕು, ನನಗೆ ಸಾಲದು.

ಇನ್ನೊಂದು ಮಾತು. ಅತ್ತೆ ಪ್ರತಿ ರವಿವಾರ ಮುಂಜಾನೆ ಎದ್ದು ತಲಬಾಗಿಲು ತೆರೆದಿಡುತ್ತಾರೆ. "ಗಾಡಿ ಸಪ್ಪಳ ಬಂತು. ಅಂಬು ಬರಾಕತ್ತಾನ" ಅನ್ನುತ್ತಾರೆ. ಗಾಡಿ ಬಾಗಿಲ ಮುಂದೆಯೇ ತಾಡಪತ್ರಿ ಹೊದ್ದು ನಿಂತಿದೆ. ಅದನ್ನು ತೋರಿಸಿದರೆ ನನ್ನನ್ನೇ ಹುಚ್ಚಿಯೆಂಬಂತೆ ನೋಡುತ್ತಾರೆ.

ಆ ದಾರಿಯ ಕಲ್ಲು ಕಲ್ಲು ನಿಮಗೆ ಗೊತ್ತು. ಇವರು ಎಲ್ಲಿ ನಿಲ್ಲುತ್ತಿದ್ದರು, ಏನು ಮಾಡುತ್ತಿದ್ದರು, ಬರೆಯಿರಿ. ನನ್ನ ಸಮಾಧಾನಕ್ಕೆ ಏನೂ ಬರೆಯಬೇಡಿ. ಸಮಾಧಾನ ಹೇಳುವವರು ಓಣಿ ತುಂಬ ಇದ್ದಾರೆ.

ಇಂತಿ,
ರಾಜೇಶ್ವರಿ

*

ಕುಂಚಾವರಂ
3 ಡಿಸೆಂಬರ್ 2023

ವೈನಿಯವರಿಗೆ ತಾಹಿರನ ಸಲಾಂ.

ನಿಮ್ಮ ಕಾಗದ ಪಂಕ್ಚರ್ ಅಂಗಡಿಯ ಹಿಂದೆ ಕೂತು ಓದಿದೆ. ಬೈದದ್ದು ಸರಿಯಾಗಿಯೇ ಬೈದಿದ್ದೀರಿ. ಬರಬೇಕೆಂದು ಸೇಡಂವರೆಗೆ ಬಂದು, ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದು ವಾಪಸ್ಸು ಹೋದವನು ನಾನು. ಅವನಿಲ್ಲದ ಮನೆಯಲ್ಲಿ ಯಾವ ಕಡೆ ಮುಖ ಮಾಡಿ ಕೂಡಬೇಕು ಎಂದು ತಿಳಿಯಲಿಲ್ಲ.

ಕೇಳಿದ್ದಕ್ಕೆ ಹೇಳುತ್ತೇನೆ. ಓಣಿ ಇನ್ನೂ ನಿದ್ದೆಯಲ್ಲಿರುವಾಗಲೇ ಅಂಬು ಶಹಾಬಾದ ಬಿಟ್ಟು, ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿಗೆ ಬರುತ್ತಿದ್ದ. ನಾನು ಈ ಕಡೆಯಿಂದ ಗುಡ್ಡ ಇಳಿದು ಅಲ್ಲಿ ಕೂಡಿಕೊಳ್ಳುತ್ತಿದ್ದೆ. ಅಲ್ಲಿಂದ ನಮ್ಮ ಸುತ್ತು. ಮೊದಲು ಕೆರೆಯ ದಂಡೆ ಹಿಡಿದು ಹೋಗುವ ದಾರಿ, ಆಮೇಲೆ ಗೊಟ್ಟಂಗೊಟ್ಟದ ಗುಡ್ಡ, ಆಮೇಲೆ ಅಡವಿಯೊಳಗಿಂದ ಕುಂಚಾವರಂ. ನಮ್ಮ ಮನೆಯಲ್ಲಿ ಶಗುಫ್ತಾ ಕೈಯ ಚಹಾ ಕುಡಿದು ಅವನು ಇನ್ನೊಂದು ಮಗ್ಗುಲಿನ ರಸ್ತೆಯಿಂದ ಇಳಿದು ಹೋಗುತ್ತಿದ್ದ. ಜೋರಾಗಿ ಓಡಿಸುವ ಪೈಕಿ ಅಲ್ಲ. ನೀರು ಕಂಡರೆ ಅವನ ಗೇರು ತಾನೇ ಇಳಿಯುತ್ತಿತ್ತು. "ಏ ತಾಹಿರ್, ನಮ್ಮೂರಾಗ ಕಲ್ಲಿನ ಧೂಳು ಬಿಟ್ಟು ಏನೂ ಕಾಣಂಗಿಲ್ಲ, ನನಗ ಸಾವಕಾಶ ನೋಡಾಕ ಬಿಡು" ಅನ್ನುತ್ತಿದ್ದ. ಕಲ್ಲು ಪಾಲಿಶ್ ಮಾಡುವ ಮಷಿನ್ನಿನ ಮುಂದೆ ವಾರವೆಲ್ಲ ನಿಂತವನಿಗೆ ಹಾಗನಿಸಿದರೆ ತಪ್ಪೇನು.

ಕೆರೆಯ ಮೂರನೆಯ ತಿರುವಿನಲ್ಲಿ, ನಿಮ್ಮೂರಿನ ಫರಸಿ ಕಲ್ಲಿನಂಥ ಒಂದು ಚಪ್ಪಟೆ ಬಂಡೆ ನೀರಿನೊಳಕ್ಕೆ ಚಾಚಿಕೊಂಡಿದೆ. ಅಲ್ಲಿ ಅವನು ಒಬ್ಬನೇ ಇಳಿದು ಕೂಡುತ್ತಿದ್ದ. ಅದು ಅವನ ದೇವರ ಹೊತ್ತು. ನಾನು ಮೇಲೆ ಗಾಡಿಗಳ ಹತ್ತಿರ ಬೆನ್ನು ತಿರುಗಿಸಿ ಕೂಡುತ್ತಿದ್ದೆ. ನಾನು ನಮಾಜು ಮಾಡುವಾಗ ಅವನೂ ಹಾಗೇ ಬೆನ್ನು ತಿರುಗಿಸುತ್ತಿದ್ದ. ಯಾರೂ ಯಾರಿಗೂ ಹೇಳಿ ಮಾಡಿದ್ದಲ್ಲ.

ಆ ರವಿವಾರ ನಮ್ಮ ಅಸ್ಫಿಯಾಗೆ ಜ್ವರ ಏರಿ ತಾಂಡೂರಿನ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಂದಲೇ ಅವನಿಗೆ ಫೋನು ಮಾಡಿದ್ದೆ. "ಕೂಸಿನ್ನ ನೋಡ್ಕೋ. ನಾ ಒಬ್ನೇ ಒಂದು ಸುತ್ತು ಹಾಕಿ, ಮನಿಗೆ ಬಂದು ಕೂಸಿನ ಮಾರಿ ನೋಡಿ ಹೋಗ್ತೀನಿ" ಅಂದ. ದನಿಯಲ್ಲಿ ಏನೂ ಇರಲಿಲ್ಲ ವೈನಿ. ಸಾಯಲು ಹೊರಟವನು ಕೂಸಿನ ಮುಖ ನೋಡಲು ಬರುತ್ತೇನೆ ಎನ್ನುತ್ತಾನೆಯೇ? ಸಮಾಧಾನ ಹೇಳಬೇಡ ಅಂದಿದ್ದೀರಿ, ಇಲ್ಲಿಗೆ ನಿಲ್ಲಿಸುತ್ತೇನೆ.

ಅಂದಿನಿಂದ ನಾನು ಕೆರೆಯ ದಾರಿ ಹಿಡಿದಿಲ್ಲ. ಚಿಂಚೋಳಿಗೆ ಹೋಗಬೇಕಾದರೆ ಇನ್ನೊಂದು ಮಗ್ಗುಲಿನಿಂದಲೇ. ಜೀಪಿನ ಡ್ರೈವರುಗಳು ಆ ತಿರುವಿನಲ್ಲಿ ಹಾರ್ನ್ ಹೊಡೆಯದೆ ಹೋಗುವುದಿಲ್ಲವಂತೆ. ಯಾರೋ ಒಬ್ಬ ನೀರಿನಲ್ಲಿ ಬಗ್ಗಿ ನಿಂತಿರುತ್ತಾನೆ ಅನ್ನುತ್ತಾರೆ.

ಅತ್ತೆಯವರ ಮಾತಿಗೆ ನಗಬೇಡಿ. ಅವನ ಗಾಡಿಯ ಸೈಲೆನ್ಸರಿಗೆ ವೆಲ್ಡಿಂಗ್ ಹಾಕಿದವನು ನಾನು. ಆ ಸಪ್ಪಳ ಜಾತ್ರೆಯಂಥ ಗದ್ದಲದಲ್ಲೂ ಗುರುತು ಹಿಡಿಯುತ್ತೇನೆ. ರವಿವಾರ ಹೊತ್ತೇರಿದ ಮೇಲೆ ಗುಡ್ಡದ ಕಡೆಯಿಂದ ಅದು ಬರುತ್ತದೆ, ನಮ್ಮ ಅಂಗಡಿಯ ಮುಂದೆ ಬಂದು ನಿಲ್ಲುತ್ತದೆ. ರಸ್ತೆ ಖಾಲಿ. ಶಗುಫ್ತಾ ಮೊದಲು ನನ್ನನ್ನು ಬೈಯುತ್ತಿದ್ದಳು. ಹೋದ ವಾರ ಅವಳೇ ಒಂದು ಕಪ್ಪು ಚಹಾ ಹೆಚ್ಚಿಗೆ ಸೋಸಿ, ಅದನ್ನು ನೋಡುತ್ತ ನಿಂತುಬಿಟ್ಟಳು.

ನಿಮ್ಮ ಮೈದುನನಂಥ,
ತಾಹಿರ್

*

ಶಹಾಬಾದ
20 ಡಿಸೆಂಬರ್ 2023

ತಾಹಿರ್ ಭಾಯಿ,

ದೇವರ ಹೊತ್ತು ಎಂದರೆ ಯಾವುದು? ಸುಮ್ಮನೆ ಕೈಮುಗಿದು ಕೂಡುವುದೋ? ಅದನ್ನು ಒಂದೇ ಸಾಲಿನಲ್ಲಿ ಹೇಳಿ, ಚಹಾದ ಬಗ್ಗೆ ಅರ್ಧ ಪುಟ ಬರೆದಿದ್ದೀರಿ.

ರವಿವಾರ ಇವರು ಪೂಜೆ ಮಾಡದೆ ಮನೆ ಬಿಡುತ್ತಾರೆಂದು ನಾನು ಜಗಳವಾಡುತ್ತಿದ್ದೆ. "ದಿನಾ ಮಾಡ್ತೀರಿ, ರವಿವಾರ ಏನಾಗ್ತದ ನಿಮಗ? ಗಾಡಿ ಏನು ದೇವರೇನು?" ಎನ್ನುತ್ತಿದ್ದೆ. ನಗುತ್ತ ಕಿಕ್ ಹೊಡೆದು, "ನನ್ನ ಪೂಜಿ ತಪ್ಪಂಗಿಲ್ಲ, ಬಿಡು" ಅನ್ನುತ್ತಿದ್ದರು. ಅದು ನನ್ನ ಬಾಯಿ ಮುಚ್ಚಿಸುವ ಮಾತು ಎಂದುಕೊಂಡಿದ್ದೆ.

ನೀವು ಬೆನ್ನು ತಿರುಗಿಸಿದ್ದಿರಿ, ಸರಿ. ಆದರೆ ಮೇಲೆ ಹತ್ತಿ ಬಂದಾಗ ಮುಖ ನೋಡಿರುತ್ತೀರಲ್ಲ. ಹಣೆಯ ಮೇಲೆ ವಿಭೂತಿ ಹೊಸದಾಗಿ ಇರುತ್ತಿತ್ತೇ? ಕೈ ಒದ್ದೆ ಇರುತ್ತಿತ್ತೇ? ಯಾವ ಕೈ? ನೆನಪು ಮಾಡಿಕೊಂಡು ಬರೆಯಿರಿ. ತಿಳಿಯದಿದ್ದರೆ ತಿಳಿಯದು ಎನ್ನಿರಿ.

ನಿಮಗೊಬ್ಬರಿಗೇ ಹೇಳುತ್ತೇನೆ. ಇವರನ್ನು ಮಣ್ಣು ಮಾಡಿ ಬಂದ ದಿನ ನನ್ನ ಕೊರಳ ಲಿಂಗ ತೆಗೆದು ದೇವರ ಜಗುಲಿಯ ಮೇಲಿಟ್ಟೆ. ಇನ್ನೂ ಕಟ್ಟಿಕೊಂಡಿಲ್ಲ. ಅವರು ತೆಗೆದಿಟ್ಟು ಹೋಗಬಹುದಾದರೆ ನಾನೇನು ಹೊತ್ತುಕೊಂಡು ತಿರುಗಲಿ ಎಂಬ ಸಿಟ್ಟು. ಅತ್ತೆಗೆ ಕಂಡಿದೆ.

ಹೋದ ರವಿವಾರ ಆ ಸಪ್ಪಳ ನನಗೂ ಕೇಳಿಸಿತು. ಎದ್ದು ಹೋಗಿ ತಾಡಪತ್ರಿ ಎತ್ತಿ ಇಂಜಿನ್ನಿಗೆ ಕೈ ಹಚ್ಚಿದೆ. ತಣ್ಣಗಿತ್ತು. ನನಗೆ ಭಾಳ ಅಂಜಿಕೆ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಇಂತಿ,
ರಾಜೇಶ್ವರಿ

*

ಕುಂಚಾವರಂ
9 ಜನವರಿ 2024

ವೈನಿ,

ಚಹಾದ ಮಾತು ಬಿಟ್ಟೆ.

ಹಣೆಯ ಮೇಲೆ ವಿಭೂತಿ ಇರುತ್ತಿತ್ತು. ಚಿಂಚೋಳಿಯಲ್ಲಿ ಸಿಕ್ಕಾಗ ಹಣೆ ಖಾಲಿ, ಬಂಡೆಯಿಂದ ಹತ್ತಿ ಬಂದಾಗ ಮೂರು ಬಿಳಿ ಗೆರೆ, ಇನ್ನೂ ಹಸಿ. ಕೈ ಒದ್ದೆ ಇರುತ್ತಿತ್ತು, ಎಡಗೈ. ಬಲಗೈಯಿಂದ ಕೊರಳಲ್ಲಿ ಏನೋ ಸರಿಮಾಡಿಕೊಳ್ಳುತ್ತ ಬರುತ್ತಿದ್ದ. ಇಷ್ಟು ದಿನ ಇದನ್ನೆಲ್ಲ ನೋಡಿದ್ದೇನೆ ಎಂಬುದು ನೀವು ಕೇಳಿದ ಮೇಲೆಯೇ ನನಗೆ ಗೊತ್ತಾಯಿತು. ಇದರಿಂದ ಏನು ತಿಳಿಯುತ್ತದೋ ನನಗೆ ತಿಳಿಯದು.

ಇನ್ನೊಂದು. ಕೆರೆಯಲ್ಲಿ ಮೀನು ಹಿಡಿಯುವ ಭಾಗಮ್ಮ ಎಂಬ ಮುದುಕಿ ಸೈಕಲ್ ಟ್ಯೂಬಿಗಾಗಿ ಅಂಗಡಿಗೆ ಬಂದಿದ್ದಳು. ನೀರಿನಲ್ಲಿ ನಿಲ್ಲುವವನನ್ನು ಮೊದಲು ಕಂಡವಳು ಅವಳೇ. ನಾನು ಕೇಳಿಯೇಬಿಟ್ಟೆ.

"ನಿನ್ನ ಕಡೆ ನೋಡ್ತಾನೇನಬೇ?"

"ಇಲ್ಲಪ್ಪ. ಯಾರನ್ನೂ ನೋಡಂಗಿಲ್ಲ. ಮೊಣಕಾಲ ನೀರಾಗ ಬಗ್ಗಿ ಕೈಯಾಡಸ್ತಾನ. ಏನೋ ಬೀಳಿಸಿಕೊಂಡವರಂಗ. ಒಂದೊಂದ ಹೆಜ್ಜಿ ಒಳಗ ಹೋಗ್ತಾನ, ಮತ್ತ ಕೈಯಾಡಸ್ತಾನ. ನನಗ ಅಂಜಿಕಿ ಬರಲಿಲ್ಲ ನೋಡು, ಅಯ್ಯೋ ಅನ್ನಿಸ್ತು."

ಬರೆಯಬೇಕೋ ಬೇಡವೋ ಎಂದು ಎರಡು ದಿನ ಕಾಗದ ಇಟ್ಟುಕೊಂಡಿದ್ದೆ. ಬರೆಯದಿದ್ದರೆ ಅದಕ್ಕೂ ಬೈಯುತ್ತೀರಿ ಎಂದು ಬರೆದೆ.

ತಾಹಿರ್

*

ಶಹಾಬಾದ
17 ಜನವರಿ 2024

ತಾಹಿರ್ ಭಾಯಿ,

ನಿಮ್ಮ ಕಾಗದ ಓದುತ್ತ ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದೂ ಗೊತ್ತಾಗಲಿಲ್ಲ. ನಿಮಗೆ ಅರ್ಧ ಗೊತ್ತಿತ್ತು, ನನಗೆ ಅರ್ಧ ಗೊತ್ತಿತ್ತು.

ನಮ್ಮ ಪೂಜೆ ಹೇಗೆಂದು ನೀವು ನೋಡಿಲ್ಲ, ಅದಕ್ಕೆ ಹೇಳುತ್ತೇನೆ. ಚಪ್ಪಲಿ ದೂರ ಬಿಟ್ಟು ಕೂಡುತ್ತೇವೆ. ವಿಭೂತಿ ಹಚ್ಚಿಕೊಳ್ಳುತ್ತೇವೆ. ಕೊರಳಿಂದ ಕರಡಿಗೆ ಬಿಚ್ಚಿ, ಲಿಂಗ ಹೊರಗೆ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತೇವೆ. ಬಲಗೈಯಿಂದ ನೀರು ಹಾಕುತ್ತೇವೆ. ಆಮೇಲೆ ಅದನ್ನೇ ನೋಡುತ್ತ ಕೂಡುವುದು. ಬೇರೆ ಗುಡಿಯಿಲ್ಲ, ಅಂಗೈಯೇ ಗುಡಿ. ಪೂಜೆ ಮುಗಿದ ಮೇಲೆ ಮತ್ತೆ ಕರಡಿಗೆಗೆ ಹಾಕಿ ಕಟ್ಟಿಕೊಳ್ಳುವುದು.

ಇವರು ಪೂಜೆ ಬಿಡುತ್ತಿರಲಿಲ್ಲ. ರವಿವಾರದ್ದನ್ನು ಆ ಬಂಡೆಯ ಮೇಲೆ ಮಾಡುತ್ತಿದ್ದರು. ನನಗೆ ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಏನಾದರೂ ಅನ್ನುತ್ತಿದ್ದೆನೇನೋ.

ಆ ಶ್ರಾವಣದಲ್ಲೇ ಅಯ್ಯನವರ ಕಡೆಯಿಂದ ಲಿಂಗಕ್ಕೆ ಹೊಸ ಕಂತಿ ಹಾಕಿಸಿಕೊಂಡು ಬಂದಿದ್ದರು. ಕಂತಿ ಎಂದರೆ ಲಿಂಗದ ಮೇಲಿನ ಕಪ್ಪು ಲೇಪ. ಹೊಸದಿದ್ದಾಗ ಬಲು ನುಣುಪು, ನೀರು ಬಿದ್ದರೆ ಬೆರಳಿಗೆ ನಿಲ್ಲುವುದಿಲ್ಲ. ಮನೆಯಲ್ಲೇ ಒಮ್ಮೆ ಜಾರಿ ಮಡಿಲಿಗೆ ಬಿದ್ದಿತ್ತು. ಆಗ ಇವರ ಮುಖ ಹೇಗಾಗಿತ್ತು ಎಂದರೆ, ಅದನ್ನು ನಾನು ನೋಡಿದ್ದೇನೆ. ನಮ್ಮಲ್ಲಿ ಲಿಂಗ ಕಳೆದುಕೊಂಡವನು ತನ್ನ ಜೀವ ಕಳೆದುಕೊಂಡವನೇ. ಅದು ನೀರಿಗೆ ಬಿದ್ದರೆ ಇವರು ದಂಡೆಯಲ್ಲಿ ಕೂತು ವಿಚಾರ ಮಾಡುವ ಪೈಕಿ ಅಲ್ಲ. ಈಜು ಬರುತ್ತಿರಲಿಲ್ಲ. ಕೈಯಾಡಿಸುತ್ತ ಒಂದೊಂದು ಹೆಜ್ಜೆ ಒಳಗೆ ಹೋಗಿರುತ್ತಾರೆ.

ಜೋಡಿಸಿಟ್ಟ ಚಪ್ಪಲಿ, ಬರಿ ಕೊರಳು, ಎಲ್ಲದಕ್ಕೂ ಈಗ ಬೇರೆ ಅರ್ಥ ಬರುತ್ತಿದೆ. ಆದರೆ ನಾನು ಹೀಗೆ ನಂಬಬೇಕೆಂದು ಭಾಳ ಆಸೆಪಡುತ್ತಿದ್ದೇನೆ. ನನ್ನ ಆಸೆಯೇ ನನಗೆ ಸುಳ್ಳು ಹೇಳುತ್ತಿರಬಹುದು. ಕರಡಿಗೆ ಸಿಗಬೇಕು. ಪೂಜೆಗೆ ಬಿಚ್ಚಿದ್ದರೆ ಬಲಗಡೆ, ಕೈಗೆ ಸಿಗುವ ಹಾಗೆ ತೆರೆದಿಟ್ಟಿರುತ್ತಾರೆ. ಆ ರಾತ್ರಿ ಮಳೆ ಬಂದು ಕೆರೆ ಏರಿತ್ತು, ಪೊಲೀಸರು ಹೋದಾಗ ಬಂಡೆ ನೀರಿನ ಕೆಳಗಿತ್ತು. ನೀರು ಇಳಿದ ಮೇಲೆ ಹೋಗಿ ನೋಡಿರಿ. ನೀವು ಆ ದಾರಿ ಬಿಟ್ಟಿದ್ದೀರಿ, ಗೊತ್ತಿದೆ. ಆದರೂ ಹೋಗಿರಿ.

ನಿಮ್ಮ ತಂಗಿ,
ರಾಜೇಶ್ವರಿ

*

ಕುಂಚಾವರಂ
16 ಏಪ್ರಿಲ್ 2024

ವೈನಿ,

ಇಷ್ಟು ದಿನ ಬರೆಯಲಿಲ್ಲ. ಎರಡು ಸಲ ಹೊರಟು ಗುಡ್ಡದ ಮೇಲಿಂದಲೇ ಕೆರೆ ನೋಡಿ ತಿರುಗಿ ಬಂದೆ. ರಂಜಾನ್ ಮುಗಿದ ಮೇಲೆ ಶಗುಫ್ತಾ ಹೇಳಿದಳು, "ನೀವು ಹೋಗದಿದ್ರ ನಾ ಹೋಗ್ತೀನಿ. ಆ ಅಕ್ಕ ಎಷ್ಟು ದಿನ ಕಾಯಬೇಕು?" ಮೊನ್ನೆ ರವಿವಾರ ಹೋದೆ.

ಗುಡ್ಡ ಇಳಿಯುವಾಗ ಹಿಂದೆ ಗಾಡಿ ಸಪ್ಪಳ. ಅದೇ. ಮುಂದೆ ಹೋಗಲಿಲ್ಲ, ಹಿಂದೆ ಉಳಿಯಲಿಲ್ಲ, ಯಾವಾಗಲೂ ಬರುತ್ತಿದ್ದ ಹಾಗೆ ಬಲ ಮಗ್ಗುಲಿಗೆ ಬಂತು. ನಾನು ಕನ್ನಡಿ ನೋಡಲಿಲ್ಲ. ಸುಳ್ಳು ಯಾಕೆ ಹೇಳಲಿ, ಕಲ್ಮಾ ಹೇಳಿಕೊಳ್ಳುತ್ತ ಅತ್ತುಕೊಂಡೇ ಓಡಿಸಿದೆ. ಮೂರನೆಯ ತಿರುವಿನಲ್ಲಿ ಅದು ನಿಂತಿತು.

ಬಂಡೆ ಪೂರ್ತಿ ಹೊರಗೆ ಬಂದಿತ್ತು. ಕೂಡುವ ಜಾಗದ ಬಲಗಡೆ ಒಂದು ಬಿರುಕು, ಅದರೊಳಗೆ ಮಣ್ಣು ತುಂಬಿತ್ತು. ಬೆರಳಿನಿಂದ ಕೆದರಿದೆ. ಕರಡಿಗೆ ಇತ್ತು ವೈನಿ. ಮುಚ್ಚಳ ತೆಗೆದಿತ್ತು. ದಾರವನ್ನು ಸುತ್ತಿ ಅದರ ಪಕ್ಕದಲ್ಲೇ ಇಟ್ಟಿದ್ದ, ಬಣ್ಣ ಹೋಗಿದೆ ಆದರೆ ಸುತ್ತು ಬಿಚ್ಚಿಲ್ಲ. ನೀವು ಹೇಳಿದ ಹಾಗೆಯೇ, ಬಲಗಡೆ, ಕೈಗೆ ಸಿಗುವ ಹಾಗೆ. ಮತ್ತೆ ಕಟ್ಟಿಕೊಳ್ಳುವವನು ಇಟ್ಟ ಹಾಗೆ.

ನಾನು ಮುಟ್ಟಬಹುದೋ ಬಾರದೋ ಗೊತ್ತಾಗಲಿಲ್ಲ. ಕೆರೆಯಲ್ಲಿ ಕೈಕಾಲು ಮುಖ ತೊಳೆದು ವಜೂ ಮಾಡಿಕೊಂಡು, ಹೊಸ ದಸ್ತಿ ಬಟ್ಟೆಯಲ್ಲಿ ಎತ್ತಿಕೊಂಡೆ. ತಪ್ಪಾಗಿದ್ದರೆ ಹೇಳಿರಿ.

ಲಿಂಗ ಸಿಗಲಿಲ್ಲ. ನೀರಿಗಿಳಿದು ಕೆಸರಿನಲ್ಲಿ ಬಗ್ಗಿ ಹುಡುಕಿದೆ. ದಂಡೆಯಲ್ಲಿ ಯಾರೋ ಚೀರಿದರು. ನೋಡಿದರೆ ಭಾಗಮ್ಮ, ಬುಟ್ಟಿ ಕೆಳಗೆ ಹಾಕಿ ನಿಂತಿದ್ದಳು. "ನೀನೇನಪ್ಪ? ಥೇಟ್ ಅವನಂಗೇ ಕಂಡಿ" ಅಂದಳು. ಆಮೇಲೆ ತಾನೂ ಸೀರೆ ಎತ್ತಿ ಕಟ್ಟಿ ಇಳಿದು ನನ್ನ ಜೋಡಿ ಹುಡುಕಿದಳು. ಸಿಗಲಿಲ್ಲ.

ಕರಡಿಗೆ ಟಪಾಲಿನಲ್ಲಿ ಕಳಿಸಲೋ, ನಾನೇ ತರಲೋ?

ತಾಹಿರ್

*

ಶಹಾಬಾದ
24 ಏಪ್ರಿಲ್ 2024

ತಾಹಿರ್ ಭಾಯಿ,

ತಪ್ಪಾಗಿಲ್ಲ. ಅಷ್ಟು ಶುಚಿಯಾಗಿ ನಾವೂ ಮುಟ್ಟುವುದಿಲ್ಲ.

ಕಾಗದವನ್ನು ಅತ್ತೆಗೆ ಪೂರ್ತಿ ಓದಿ ಹೇಳಿದೆ. ಎಲ್ಲ ಕೇಳಿ ತಲಬಾಗಿಲ ಕಡೆ ತಿರುಗಿ ಕೂತರು. ಆಮೇಲೆ, "ಅದಕ್ಕ ರವಿವಾರ ಬರ್ತಾನ, ಬಾಗಿಲ ಮುಂದ ನಿಂತು ಹೋಗ್ತಾನ, ಒಳಗ ಬರಂಗಿಲ್ಲ. ಬರಿ ಕೊರಳ ಹೊತ್ತು ಹೆಂಗ ಬರ್ತಾನ ಕೂಸು?" ಅಂದರು. ನನಗೆ ಆಗ ಅಳು ಬಂತು. ಎಂಟು ತಿಂಗಳು ಬಂದಿರಲಿಲ್ಲ. ಇವರು ನನ್ನನ್ನು ಬಿಟ್ಟು ಹೋಗಲಿಲ್ಲ ತಾಹಿರ್ ಭಾಯಿ. ಜಾರಿದ್ದನ್ನು ತರಲು ಹೋದರು.

ಕರಡಿಗೆ ಕಳಿಸಬೇಡಿ, ತರಬೇಡಿ. ನಾವೇ ಬರುತ್ತೇವೆ, ಇವರ ಗಾಡಿಯ ಮೇಲೆ. ಕಲ್ಲಿನ ಖಣಿಯ ಬಯಲಿನಲ್ಲಿ ಇವರೇ ನನಗೆ ಗಾಡಿ ಕಲಿಸಿದ್ದರು. ಅತ್ತೆಯವರನ್ನು ಬಸ್ಸಿನಲ್ಲಿ ಕಳಿಸುತ್ತೇನೆ ಎಂದದ್ದಕ್ಕೆ, "ನಿನ್ನ ಹಿಂದ ಕುಂದ್ರಾಕ ನನಗೇನು ಸೊಂಟ ಇಲ್ಲೇನು?" ಎಂದು ಜಗಳ ತೆಗೆದಿದ್ದಾರೆ. ಮೇ ತಿಂಗಳ ಮೊದಲ ಶನಿವಾರ ನಿಮ್ಮ ಮನೆಗೆ ಬರುತ್ತೇವೆ, ರವಿವಾರ ಮುಂಜಾನೆ ಕೆರೆಗೆ. ಶಗುಫ್ತಾಗೆ ಹೇಳಿರಿ, ಅತ್ತೆಗೆ ಚಹಾದಲ್ಲಿ ಸಕ್ಕರೆ ಹಾಕಬಾರದು.

ರಾಜೇಶ್ವರಿ

*

ಕುಂಚಾವರಂ
9 ಮೇ 2024

ವೈನಿ,

ನೀವು ಸುಖವಾಗಿ ಸೇಡಂವರೆಗೆ ಮುಟ್ಟಿದಿರಿ ಎಂದು ಸೇಡಂ ಬಸ್ಸಿನ ಕಂಡಕ್ಟರ್ ಹೇಳಿದ. ಅವನು ದಾರಿಯಲ್ಲಿ ನಿಮ್ಮಿಬ್ಬರನ್ನು ನೋಡಿ ಬಸ್ಸು ನಿಧಾನ ಮಾಡಿಸಿದನಂತೆ. ನಿಮ್ಮ ಅತ್ತೆ ಅವನಿಗೆ ಕೈ ಬೀಸಿದರಂತೆ.

ಒಂದು ಮಾತು ಕೇಳಬೇಕು. ಅಂದು ನೀವಿಬ್ಬರೂ ಬಂಡೆಗೆ ಇಳಿದ ಮೇಲೆ ನಾನು ಮೊದಲಿನ ಹಾಗೆ ಗಾಡಿಗಳ ಹತ್ತಿರ ಬೆನ್ನು ತಿರುಗಿಸಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ನೀರಿನಲ್ಲಿ ಯಾರೋ ನಡೆದ ಸಪ್ಪಳ ಬಂತು. ಆಮೇಲೆ ಒದ್ದೆ ಕಾಲಿನ ಹೆಜ್ಜೆ. ನೀರಿನಿಂದ ಬಂಡೆಗೆ, ಬಂಡೆಯಿಂದ ದಂಡೆಗೆ, ನನ್ನ ಪಕ್ಕದಿಂದಲೇ ಹಾದು ಅವನ ಗಾಡಿಯವರೆಗೆ. ಅತ್ತೆಯವರು ಕಾಲು ತೊಳೆದುಕೊಂಡು ಮೇಲೆ ಬಂದರು ಎಂದುಕೊಂಡು ತಿರುಗಿ ನೋಡಲಿಲ್ಲ. ಆದರೆ ಆಮೇಲೆ ನೀವಿಬ್ಬರೂ ಕೆಳಗಿನಿಂದ ಜೋಡಿಯಾಗಿಯೇ ಹತ್ತಿ ಬಂದಿರಿ.

ಅತ್ತೆಯವರು ನೀರಿಗೆ ಇಳಿದಿದ್ದರೇ?

ತಾಹಿರ್

*

ಶಹಾಬಾದ
20 ಮೇ 2024

ತಾಹಿರ್ ಭಾಯಿ,

ನೀವು ಬೆನ್ನು ತಿರುಗಿಸಿದ್ದಿರಿ, ಅದಕ್ಕೆ ನಡೆದದ್ದನ್ನು ನಾನೇ ಹೇಳುತ್ತೇನೆ.

ಜಗುಲಿಯಿಂದ ನನ್ನ ಲಿಂಗ ತಂದಿದ್ದೆ. ಇವರು ಕೂಡುತ್ತಿದ್ದ ಜಾಗದಲ್ಲೇ ಕೂತೆ. ಹಣೆಗೆ ಅತ್ತೆಯೇ ವಿಭೂತಿ ಹಚ್ಚಿದರು. ಲಿಂಗ ಎಡ ಅಂಗೈಯಲ್ಲಿಟ್ಟುಕೊಂಡು ನೀರು ಹಾಕಬೇಕು ಎನ್ನುವಷ್ಟರಲ್ಲಿ ಕೆಳಗೆ ನೋಡಿದೆ. ಅಂಗೈಯ ಅಂಚಿನಿಂದ ಕೆರೆ ಒಂದು ಗೇಣು ದೂರವಿಲ್ಲ. ಲಿಂಗ ಅಲುಗಿತು. ಇವರಿಗೆ ಹೇಗಾಯಿತೆಂದು ಆಗ ತಿಳಿಯಿತು, ಯಾರೂ ಹೇಳಬೇಕಾಗಲಿಲ್ಲ.

ಅತ್ತೆ ನನ್ನ ಅಂಗೈಯ ಕೆಳಗೆ ತಮ್ಮ ಅಂಗೈ ಹಿಡಿದರು. ನಾನು ನೀರು ಹಾಕಿದೆ. ಅದು ನನ್ನ ಬೆರಳ ಸಂದಿನಿಂದ ಇಳಿದು ಅವರ ಕೈ ತುಂಬಿತು. ಪೂಜೆ ಮುಗಿಯುವವರೆಗೆ ಅವರು ಆ ಕೈ ತೆಗೆಯಲಿಲ್ಲ. ಆಮೇಲೆ ನನ್ನ ಲಿಂಗವನ್ನು ಇವರ ಕರಡಿಗೆಯಲ್ಲಿಟ್ಟು, ಹೊಸ ಶಿವದಾರದಿಂದ ನನ್ನ ಕೊರಳಿಗೆ ಕಟ್ಟಿ, ಕೆರೆಯ ಕಡೆ ನೋಡಿ ಹೇಳಿದರು, "ಸಾಕು ಬಾರೋ ಅಂಬು. ಹುಡುಕಿದ್ದು ಸಾಕು. ಇಕಿ ಕೊರಳಾಗ ಐತಿ ನೋಡು."

ನೀವು ಹೇಳುವ ಸಪ್ಪಳ ನಮಗೆ ಕೇಳಿಸಲಿಲ್ಲ. ನಾವಿಬ್ಬರೂ ಬಂಡೆ ಬಿಟ್ಟು ನೀರಿಗೆ ಇಳಿಯಲಿಲ್ಲ.

ಬರುವಾಗ ಗಾಡಿ ಭಾರವೆನಿಸಿತು. ಸೇಡಂ ದಾಟಿದ ಮೇಲೆ ಅತ್ತೆ ಹಿಂದಿನಿಂದ, "ರಾಜಿ, ಸ್ವಲ್ಪ ಮುಂದ ಸರಕೊಂಡು ಕುಂದ್ರು" ಅಂದರು. ನಾನು ಮುಂದೆ ಸರಿದು ಕೂತೆ.

ನಿನ್ನೆ ರವಿವಾರ ಅತ್ತೆ ಮುಂಜಾನೆ ಎದ್ದರು. ನಾನು ಕಿವಿಗೊಟ್ಟು ಮಲಗಿದ್ದೆ. ಸಪ್ಪಳ ಬರಲಿಲ್ಲ. ಅವರು ತಲಬಾಗಿಲಿಗೆ ಹೋಗಿ, ಎಲ್ಲರೂ ಮನೆಗೆ ಬಂದ ಮೇಲೆ ಹಾಕುವ ಹಾಗೆ ಒಳಗಿನಿಂದ ಚಿಲಕ ಹಾಕಿಕೊಂಡು ಬಂದು ಮತ್ತೆ ಮಲಗಿದರು.

ಇಂತಿ ನಿಮ್ಮ ತಂಗಿ,
ರಾಜೇಶ್ವರಿ ಅಂಬಾರಾಯ